ಜಾತ್ರೆಯ ಹಾರನ್, ಹಜಾರದ ಸ್ಪೀಕರ್: ಬೆಂಗಳೂರು ಗ್ರಾಮಾಂತರದಲ್ಲಿ ಆಂಪ್ಲಿಫೈಯರ್ ಹೊಂದಾಣಿಕೆ

ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಯ ಹಳ್ಳಿಗರಿಗೆ ಆಂಪ್ಲಿಫೈಯರಿನ ಪರಿಚಯವಾದದ್ದು ಬಹುಮಟ್ಟಿಗೆ ಜಾತ್ರೆಯಲ್ಲಿ, ಪೌರಾಣಿಕ ನಾಟಕದ ರಂಗದ ಮುಂದೆ, ಮೈಕ್‌ಸೆಟ್‌ನವರ ಕೈಯಲ್ಲಿ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ದೇವನಹಳ್ಳಿಯ ಸುತ್ತ ವಿಲ್ಲಾ ಬಡಾವಣೆಗಳು ಎದ್ದವು. ಅಂಥ ಮನೆಯ ಹಜಾರಕ್ಕೆ ಲಕ್ಷಗಟ್ಟಲೆ ಬೆಲೆಯ ಸ್ಪೀಕರ್ ತರುವವರೂ ಕೇಳುವ ಮೊದಲ ಪ್ರಶ್ನೆ ಮೈಕ್‌ಸೆಟ್ ಕಾಲದ್ದೇ: ಎಷ್ಟು ವಾಟ್, ಎಷ್ಟು ಓಮ್? ಜಾತ್ರೆಯ ಬಯಲಿಗೆ ಸರಿಹೋದ ಈ ಲೆಕ್ಕ ಹಜಾರದಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಂಥ ಬಯಲಲ್ಲಿ ಹಾರನ್‌ಗಳಿಗೆ ಕಂಬದಿಂದ ಕಂಬಕ್ಕೆ ನೂರಾರು ಅಡಿ ತಂತಿ ಎಳೆಯಬೇಕು. 8 ಓಮ್‌ನ ಹಾರನ್‌ಗಳನ್ನು ನೇರವಾಗಿ ಜೋಡಿಸಿದರೆ ಶಕ್ತಿಯ ದೊಡ್ಡ ಪಾಲು ತಂತಿಯ ಬಿಸಿಗೇ ಖರ್ಚು. ಇದಕ್ಕೆ ಪರಿಹಾರ 100 ವೋಲ್ಟ್ ಲೈನ್, ಜೊತೆಗೆ ಪ್ರತಿ ಹಾರನ್ನಿಗೊಂದು ಲೈನ್ ಟ್ರಾನ್ಸ್‌ಫಾರ್ಮರ್. 20 ವಾಟ್‌ನ ಟ್ಯಾಪ್ ಲೈನಿಗೆ 500 ಓಮ್ ಆಗಿ ಕಾಣುತ್ತದೆ; ಹತ್ತು ಸೇರಿದರೆ 50 ಓಮ್, 200 ವಾಟ್. ಮೈಕ್‌ಸೆಟ್‌ನ ಹುಡುಗ ಓಮ್ ಗೊಡವೆಗೇ ಹೋಗಬೇಕಿಲ್ಲ. ವಾಟ್‌ಗಳನ್ನು ಕೂಡಿಸಿ, ಮೊತ್ತ ಆಂಪ್ಲಿಫೈಯರಿನ ಶಕ್ತಿ ಮೀರದಂತೆ ನೋಡಿಕೊಂಡರೆ ಆಯಿತು. ಸೊಗಸಾದ ವ್ಯವಸ್ಥೆ, ನಮ್ಮ ತಾಂತ್ರಿಕ ಬರಹಗಳಲ್ಲಿ ಇದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ವಾಲ್ವು ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನದೂ ಇಂಥದೇ ಕೆಲಸ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರಿಸೀವಿಂಗ್ ವಾಲ್ವುಗಳ ತಯಾರಿಕೆ ಆರಂಭಿಸಿತು. ಅಲ್ಲಿಯ ಇಎಲ್84 ವಾಲ್ವನ್ನು ಹವ್ಯಾಸಿಗಳು ಇಂದಿಗೂ ಹುಡುಕುತ್ತಾರೆ. ಒಂಟಿ ಇಎಲ್84ಕ್ಕೆ ಸುಮಾರು 5,200 ಓಮ್ ಹೊರೆ ಬೇಕು. 8 ಓಮ್ ಸ್ಪೀಕರ್ ಅದಕ್ಕೆ ಹಾಗೆ ಕಾಣಬೇಕಾದರೆ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಅನುಪಾತ 25.5ಕ್ಕೆ 1 ಇರಬೇಕು. ಆದರೆ ಇದೇ ವಾಲ್ವಿನ ಒಳ ಪ್ರತಿರೋಧ 38,000 ಓಮ್‌ನಷ್ಟು. ಎಂದರೆ ಎರಡೂ ಬದಿಯ ಓಮ್ ಸಮವಾಗಿರಬೇಕೆಂಬ ನಂಬಿಕೆ ವಾಲ್ವಿನ ಕಾಲಕ್ಕೂ ನಿಜವಾಗಿರಲಿಲ್ಲ. ಆಂಪ್ಲಿಫೈಯರಿನ ಹಿಂದೆ ಬರೆದ ‘8 ಓಮ್’ ಅದು ಹೊರಬಲ್ಲ ಹೊರೆಯ ಸೂಚನೆ, ಅದರ ಒಳಗಿನ ಪ್ರತಿರೋಧವಲ್ಲ.

ಸ್ಪೀಕರಿನ 8 ಓಮ್ ಕೂಡ ಹೆಸರಿಗಷ್ಟೆ. ಸ್ವರದ ಕಂಪನಾಂಕ ಬದಲಾದಂತೆ ಅದರ ಇಂಪೀಡೆನ್ಸ್ ಒಂದು ಕಡೆ 3 ಓಮ್‌ಗೆ ಇಳಿದು ಇನ್ನೊಂದು ಕಡೆ 20ಕ್ಕೆ ಏರಬಹುದು. ಅಂಥ ಸ್ಪೀಕರನ್ನು 2.5 ಓಮ್ ಒಳ ಪ್ರತಿರೋಧದ ವಾಲ್ವು ಆಂಪ್ಲಿಫೈಯರಿಗೆ ಜೋಡಿಸಿದರೆ ಆ ಎರಡು ಜಾಗಗಳ ನಡುವೆ 4.2 ಡೆಸಿಬೆಲ್ ಏರುಪೇರು ಬರುತ್ತದೆ. ಕಿವಿಗೆ ಸ್ಪಷ್ಟವಾಗಿ ತಿಳಿಯುವ ವ್ಯತ್ಯಾಸ ಅದು. ಒಳ ಪ್ರತಿರೋಧ 0.1 ಓಮ್ ಇರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಅದು ಕಾಲು ಡೆಸಿಬೆಲ್ ಮಾತ್ರ. ವಾಲ್ವಿನ ‘ಬೆಚ್ಚನೆಯ’ ದನಿ ಎಂದು ಹೊಗಳುವುದರಲ್ಲಿ ಒಂದು ಪಾಲು ಈ ಏರುಪೇರೇ ಎಂದು ನನ್ನ ಅನುಮಾನ.

ಪ್ರೀಆಂಪ್ಲಿಫೈಯರಿನ ಕಡೆ ನಿಯಮ ಇನ್ನೂ ಸರಳ: ಮುಂದಿನ ಉಪಕರಣದ ಇಂಪೀಡೆನ್ಸ್ ಹಿಂದಿನದಕ್ಕಿಂತ ಕನಿಷ್ಠ ಹತ್ತು ಪಟ್ಟು ಇರಬೇಕು. ವಾಲ್ವು ಪ್ರೀಆಂಪ್ಲಿಫೈಯರಿನ ಕೊನೆಯಲ್ಲಿ 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದು, ಪವರ್ ಆಂಪ್ಲಿಫೈಯರಿನ ಒಳದಾರಿ 10,000 ಓಮ್ ಆದರೆ 34 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಸೋರಿಹೋಗುತ್ತದೆ; 47,000 ಓಮ್ ಆದರೆ ಆ ಗಡಿ 7 ಹರ್ಟ್ಸ್‌ಗೆ ಸರಿಯುತ್ತದೆ. ಸಿಡಿ ಪ್ಲೇಯರ್ ಕೊಡುವ 2 ವೋಲ್ಟನ್ನು 20 ಪಟ್ಟು ಹಿಗ್ಗಿಸಿದರೆ 40 ವೋಲ್ಟ್, 8 ಓಮ್‌ಗೆ 200 ವಾಟ್. ನಡುವೆ ಮತ್ತೂ ಹತ್ತು ಪಟ್ಟು ಹಿಗ್ಗಿಸುವ ಪ್ರೀಆಂಪ್ಲಿಫೈಯರ್ ಯಾಕೆ? ವಾಲ್ಯೂಮ್ ಗುಂಡಿಯನ್ನು ತುಸು ತಿರುಗಿಸಿದೊಡನೆ ಮನೆ ಅದುರುವುದು ಆಂಪ್ಲಿಫೈಯರಿನ ತಾಕತ್ತಲ್ಲ, ಹೆಚ್ಚಾದ ಗೇನ್.

ಇನ್ನು ವಾಟ್. 1 ವಾಟ್‌ಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಎರಡು ಸ್ಪೀಕರ್‌ಗಳಿಂದ 3 ಮೀಟರ್ ದೂರ ಕೂತವರಿಗೆ 95 ಡೆಸಿಬೆಲ್ ಮುಟ್ಟಬೇಕಾದರೆ, ಗೋಡೆಗಳ ನೆರವನ್ನು ಬಿಟ್ಟರೂ, ಪ್ರತಿ ಚಾನೆಲ್‌ಗೆ 28 ವಾಟ್ ಸಾಕು. ಗೋಡೆಗಳ ನೆರವೋ ನಮ್ಮಲ್ಲಿ ಬೇಡವೆನ್ನುವಷ್ಟಿದೆ. ಗ್ರಾನೈಟ್ ನೆಲ, ಆರ್‌ಸಿಸಿ ಚಾವಣಿ, ಸಿಮೆಂಟ್ ಗಿಲಾವಿನ 20x15x10 ಅಡಿಯ ಬರಿಯ ಹಜಾರಕ್ಕೆ ಸೇಬಿನ್ ಸೂತ್ರ ಹಚ್ಚಿ, ಮೇಲ್ಮೈ ಶಬ್ದದ ಶೇ. 2ರಷ್ಟನ್ನು ಹೀರುತ್ತದೆಂದು ಹಿಡಿದರೆ, ಅನುರಣನ 5 ಸೆಕೆಂಡ್ ದಾಟುತ್ತದೆ. ಇಲ್ಲಿ ಇನ್ನೂ 100 ವಾಟ್ ಸೇರಿಸಿದರೆ ಹೆಚ್ಚುವುದು ಗದ್ದಲ; ದಪ್ಪ ಪರದೆ, ಜಮಖಾನ, ಪುಸ್ತಕದ ಬೀರುಗಳಿಗೆ ಹಾಕಿದ ದುಡ್ಡಿಗೆ ಇದಕ್ಕಿಂತ ಹೆಚ್ಚು ಫಲವಿದೆ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಾದರೆ ಲೆಕ್ಕ ಬೇರೆ. ಪಕ್ಕದ ಪವರ್‌ಲೂಮ್ ಸದ್ದಿನ ಮೇಲೆ ಸಂಗೀತ ಏಳಬೇಕು, ಅಲ್ಲಿ ಪ್ರತಿ 3 ಡೆಸಿಬೆಲ್‌ಗೂ ವಾಟ್ ಇಮ್ಮಡಿಯಾಗುತ್ತದೆ. ಸ್ಪೀಕರ್ 96 ಡೆಸಿಬೆಲ್‌ನದಾಗಿ, ಅದರ ಇಂಪೀಡೆನ್ಸ್ ಹೆಚ್ಚು ಏರಿಳಿಯದಿದ್ದರೆ ಮಾತ್ರ, ಶಾಂತವಾದ ಮನೆಯಲ್ಲಿ ಅದೇ 95 ಡೆಸಿಬೆಲ್‌ಗೆ ಮೂರೂವರೆ ವಾಟ್ ಸಾಲುತ್ತದೆ. ಅಷ್ಟನ್ನು ಒಂಟಿ ಇಎಲ್84 ಸಲೀಸಾಗಿ ಕೊಡುತ್ತದೆ.