ಹೇಳಿಕೆಯ ಗೋಪ್ಯ, ಕಾರಣದ ಗೋಪ್ಯ: ಸೇನಾ ವಿಮಾನ ಅಪಘಾತಗಳ ತನಿಖೆಯನ್ನು ಕುರಿತು

ಸೇನಾ ವಿಮಾನ ಅಪಘಾತದ ತನಿಖಾ ವರದಿಯನ್ನು ಯಾರಿಗೆ, ಎಷ್ಟರ ಮಟ್ಟಿಗೆ ತೋರಿಸಬೇಕು ಎಂಬ ಚರ್ಚೆ ಬೇಗನೆ ಅಮೆರಿಕದ ಸುಪ್ರೀಂ ಕೋರ್ಟಿನ 1953ರ ರೆನಾಲ್ಡ್ಸ್ ತೀರ್ಪಿಗೆ ಬಂದು ಮುಟ್ಟುತ್ತದೆ. ಪ್ರಕರಣದ ಸಂಗತಿಗಳ ಬಗ್ಗೆ ವಿವಾದವಿಲ್ಲ. 1948ರ ಅಕ್ಟೋಬರ್ 6ರಂದು ಜಾರ್ಜಿಯಾದ ವೇಕ್ರಾಸ್ ಬಳಿ ಬಿ-29 ವಿಮಾನ ಬಿದ್ದು, ಒಳಗಿದ್ದ 13 ಮಂದಿಯಲ್ಲಿ 9 ಮಂದಿ ಸತ್ತರು. ಮೃತರಲ್ಲಿ ಮೂವರು ನಾಗರಿಕರ ವಿಧವೆಯರು ಪರಿಹಾರದ ದಾವೆ ಹೂಡಿ ವರದಿಯನ್ನು ಕೇಳಿದರು. ಕೆಳಗಿನ ಎರಡೂ ನ್ಯಾಯಾಲಯಗಳು ಅವರ ಪರವಾಗಿದ್ದವು. ಸುಪ್ರೀಂ ಕೋರ್ಟ್ ವರದಿಯನ್ನು ತರಿಸಿ ನೋಡದೆಯೇ, ಅದು ಹೊರಬಂದರೆ ವಿಮಾನದಲ್ಲಿದ್ದ ರಹಸ್ಯ ಉಪಕರಣದ ವಿವರ ಬಯಲಾದೀತು ಎಂಬ ಸರ್ಕಾರದ ಮಾತನ್ನು ಒಪ್ಪಿತು. 2000ರಲ್ಲಿ ವರದಿ ಮೃತರೊಬ್ಬರ ಕುಟುಂಬದ ಕೈಗೆ ಬಂದಾಗ ಅದರಲ್ಲಿ ರಹಸ್ಯ ಉಪಕರಣದ ವಿವರಗಳಿರಲಿಲ್ಲ. ಎಂಜಿನ್‌ಗೆ ಬೆಂಕಿ ಹತ್ತಿದ್ದು, ಶಾಖ ತಡೆಯುವ ಭಾಗಗಳ ಬಗೆಗಿನ ತಾಂತ್ರಿಕ ಆದೇಶ ಪಾಲನೆಯಾಗದೆ ಉಳಿದದ್ದು, ಇವು ಇದ್ದವು.

ಲೂಯಿ ಫಿಶರ್ 2006ರ ತಮ್ಮ ಪುಸ್ತಕದಲ್ಲಿ ಈ ಪ್ರಕರಣವನ್ನು ಅಂಕೆಯಿಲ್ಲದ ಅಧ್ಯಕ್ಷೀಯ ಅಧಿಕಾರದ ಕಥೆಯಾಗಿ ಓದುತ್ತಾರೆ. ನ್ಯಾಯಾಧೀಶರು ವರದಿಯನ್ನು ತೆರೆದು ನೋಡಬೇಕಿತ್ತು ಎಂಬ ಅವರ ನಿಲುವನ್ನು ನಾನೂ ಒಪ್ಪುತ್ತೇನೆ. ಆದರೆ ಅವರ ಒತ್ತು ಬಿದ್ದಿರುವ ಜಾಗ ಬೇರೆಯಾಗಬೇಕಿತ್ತು. ಸರ್ಕಾರ ಮೊದಲು ಮುಂದಿಟ್ಟ ನೆಪ ದೇಶದ ರಹಸ್ಯವಲ್ಲ. ವರದಿ ಹೊರಗೆ ಹೋದರೆ ಪಡೆಯ ಒಳಗೆ ಯಾರೂ ಬಿಚ್ಚುಮನಸ್ಸಿನಿಂದ ಮಾತನಾಡರು ಎಂಬುದು ಅದರ ಮೊದಲ ವಾದವಾಗಿತ್ತು. ಜಿಲ್ಲಾ ನ್ಯಾಯಾಧೀಶ ಕರ್ಕ್‌ಪ್ಯಾಟ್ರಿಕ್ ಅದನ್ನು 1950ರಲ್ಲಿ ತಳ್ಳಿಹಾಕಿದ ಮೇಲೆಯೇ ರಹಸ್ಯ ಉಪಕರಣದ ಮಾತು ಮುಂದೆ ಬಂದದ್ದು. ಈ ಅನುಕ್ರಮ ಮುಖ್ಯ. ರಹಸ್ಯದ ವಾದ ಗೆದ್ದದ್ದರಿಂದ ಮುಕ್ತ ಹೇಳಿಕೆಯ ವಾದವನ್ನು ಅದರ ಯೋಗ್ಯತೆಯ ಮೇಲೆ ತೂಗಿ ನೋಡುವ ಸಂದರ್ಭ ಅಲ್ಲಿಗೇ ತಪ್ಪಿಹೋಯಿತು.

ಆ ಕೆಲಸ ನಡೆದದ್ದು ಹತ್ತು ವರ್ಷಗಳ ನಂತರ, 1963ರ ಮೇಚಿನ್ ಪ್ರಕರಣದಲ್ಲಿ. ಬಿ-25 ಅಪಘಾತದಲ್ಲಿ ಬದುಕುಳಿದವರೊಬ್ಬರು ಬಿಡಿಭಾಗ ತಯಾರಕರ ಮೇಲಿನ ದಾವೆಗಾಗಿ ವಾಯುಪಡೆಯ ವರದಿಯನ್ನು ಕೇಳಿದ್ದರು. ಗೋಪ್ಯವಾಗಿಡುತ್ತೇವೆಂಬ ಭರವಸೆಯ ಮೇಲೆ ಪಡೆದ ಹೇಳಿಕೆಗಳಿಗೆ ಮೇಲ್ಮನವಿ ನ್ಯಾಯಾಲಯ ರಕ್ಷಣೆ ಕೊಟ್ಟಿತು. ಆದರೆ ಅವಶೇಷಗಳನ್ನು ಪರೀಕ್ಷಿಸಿದ ಮೆಕ್ಯಾನಿಕ್‌ಗಳು ಕಂಡುಕೊಂಡ ಸಂಗತಿಗಳನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ವಚನ ಕೊಟ್ಟದ್ದು ಮನುಷ್ಯನಿಗೆ, ಮುರಿದ ಲೋಹಕ್ಕಲ್ಲ. 1984ರ ವೆಬರ್ ತೀರ್ಪು ಹೇಳಿಕೆಗಳ ರಕ್ಷಣೆಯನ್ನು ಮಾಹಿತಿ ಸ್ವಾತಂತ್ರ್ಯ ಕಾನೂನಿಗೂ ವಿಸ್ತರಿಸಿತು. ಅಲ್ಲಿನ ವಾಯುಪಡೆ ಸುರಕ್ಷತಾ ತನಿಖೆಯನ್ನೂ ಕಾನೂನು ಉದ್ದೇಶದ ತನಿಖೆಯನ್ನೂ ಬೇರೆ ಬೇರೆಯಾಗಿ ನಡೆಸುತ್ತಿದ್ದುದು ಆ ತೀರ್ಪಿನ ಹಿನ್ನೆಲೆ. ಒಂದು ಬಾಗಿಲು ಮುಚ್ಚಿದ್ದರೂ ಇನ್ನೊಂದು ತೆರೆದಿತ್ತು. ಹೀಗಾಗಿ ನನ್ನ ಪ್ರತಿಪಾದನೆ ಇದು: ಮುಕ್ತ ಹೇಳಿಕೆಯ ವಾದ ಗಟ್ಟಿಯಾದದ್ದೇ, ಆದರೆ ಅದು ಕಾಯುವುದು ಹೇಳಿದವರನ್ನು, ಅಪಘಾತದ ಕಾರಣವನ್ನು ಮುಚ್ಚಿಡಲು ಅದರಿಂದ ಅಧಿಕಾರ ಹುಟ್ಟುವುದಿಲ್ಲ.

ಈ ಪ್ರತಿಪಾದನೆಗೆ ಅತ್ಯಂತ ಕಠಿಣ ಪರೀಕ್ಷೆ ತರಬೇತಿ ವಿಮಾನ. ಅದರಲ್ಲಿ ಇರುವುದು ಎರಡೇ ಆಸನ. ಒಬ್ಬರು ಸತ್ತು ಒಬ್ಬರು ಉಳಿದರೆ, ಕಾಕ್‌ಪಿಟ್ ಒಳಗಿನ ಪ್ರತಿಯೊಂದು ವಾಕ್ಯವೂ ಯಾರದೆಂದು ಓದುಗರಿಗೆ ಗೊತ್ತಾಗಿಬಿಡುತ್ತದೆ. ಹೆಸರಿಗೆ ಮಸಿ ಬಳಿದು ಫಲವೇನು? ಆಕ್ಷೇಪ ನ್ಯಾಯವಾದದ್ದು. 2018ರ ಮಾರ್ಚ್ 20ರಂದು ವೇಲ್ಸ್‌ನ ವ್ಯಾಲಿ ವಾಯುನೆಲೆಯಲ್ಲಿ ರೆಡ್ ಆರೋಸ್ ತಂಡದ ಹಾಕ್ ತರಬೇತಿ ವಿಮಾನ, ಎಂಜಿನ್ ಕೆಟ್ಟಂತೆ ಭಾವಿಸಿ ಮಾಡುವ ಅಭ್ಯಾಸದ ವೇಳೆ ಬಿತ್ತು. ಪೈಲಟ್ ಹೊರಜಿಗಿದು ಉಳಿದರು, ಹಿಂದಿನ ಆಸನದ ಎಂಜಿನಿಯರ್ ಸತ್ತರು. ಬ್ರಿಟನ್ನಿನ ರಕ್ಷಣಾ ಇಲಾಖೆ 2019ರಲ್ಲಿ ವರದಿಯನ್ನು ಪ್ರಕಟಿಸಿತು. ಉಳಿದವರು ಒಬ್ಬರೇ ಆಗಿದ್ದರೂ ಪೈಲಟ್‌ನ ದಣಿವು, ಗಮನ ಚದುರಿದ್ದು ಎಲ್ಲವೂ ಅದರಲ್ಲಿದ್ದವು. ಪ್ರಕಟಣೆ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ. ಮುಂದೆ ಅಂಥದೇ ಸ್ಥಿತಿಯಲ್ಲಿ ಸಿಕ್ಕ ಪೈಲಟ್ ಅಷ್ಟೇ ನಿರ್ಭಯವಾಗಿ ಮಾತನಾಡುವರೇ ಎಂಬುದಕ್ಕೆ ಸಾಕ್ಷಿಯಲ್ಲ. ಒಂದೇ ಪ್ರಕರಣದಿಂದ ಅಷ್ಟನ್ನು ತೆಗೆಯಲೂ ಬಾರದು.

ಈ ಮಾತು ನಮಗೆ ದೂರದ್ದಲ್ಲ. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, ಅದೇ ವಂಶದ ಹಾಕ್‌ಗಳ ಮೇಲೆಯೇ ಬೀದರ್ ವಾಯುನೆಲೆಯಲ್ಲಿ ತರಬೇತಿ ನಡೆಯುತ್ತದೆ. 2010ರಲ್ಲಿ ಮಂಗಳೂರಿನಲ್ಲಿ 158 ಜನರನ್ನು ಬಲಿತೆಗೆದುಕೊಂಡ ನಾಗರಿಕ ವಿಮಾನದ ತನಿಖೆಗೆ ನೇತೃತ್ವ ವಹಿಸಿದ್ದವರು ನಿವೃತ್ತ ಏರ್ ಮಾರ್ಷಲ್ ಗೋಖಲೆ. ಆ ವರದಿಯನ್ನು ಇಂದಿಗೂ ಯಾರು ಬೇಕಾದರೂ ಓದಬಹುದು. ಸೇನಾ ವಿಮಾನದ ಕೋರ್ಟ್ ಆಫ್ ಎನ್‌ಕ್ವೈರಿಯ ಕಡತಕ್ಕೆ ಆ ಭಾಗ್ಯವಿಲ್ಲ. 2024ರ ಡಿಸೆಂಬರ್‌ನಲ್ಲಿ ಸಂಸದೀಯ ರಕ್ಷಣಾ ಸ್ಥಾಯಿ ಸಮಿತಿಯ ವರದಿ 2017ರಿಂದ 2022ರ ನಡುವಿನ 34 ವಾಯುಪಡೆ ಅಪಘಾತಗಳನ್ನು ಪಟ್ಟಿ ಮಾಡಿತು. ಅನೇಕವುಗಳ ಎದುರು ಕಾರಣವೆಂದು ಇದ್ದುದು ಸಿಬ್ಬಂದಿಯ ಮಾನವ ದೋಷ ಎಂಬಷ್ಟೇ ಮಾತು. ಸತ್ತವರ ಮೇಲೆ ದೋಷ ಹೊರಿಸಿ, ಆ ನಿರ್ಣಯಕ್ಕೆ ಕರೆದೊಯ್ದ ತರ್ಕವನ್ನು ಮಾತ್ರ ಮುಚ್ಚಿಡುವುದನ್ನು ಯಾವ ಮುಕ್ತ ಹೇಳಿಕೆಯ ವಾದವೂ ಸಮರ್ಥಿಸಲಾರದು. ಮಾಹಿತಿ ಹಕ್ಕು ಕಾಯ್ದೆಯ 8(1)(ಎ) ದೇಶದ ಭದ್ರತೆಯನ್ನು ಕಾಯುತ್ತದೆ. ಅದೇ ಕಾಯ್ದೆಯ 10ನೇ ಸೆಕ್ಷನ್ ಗೋಪ್ಯ ಭಾಗವನ್ನು ಕಳೆದು ಉಳಿದದ್ದನ್ನು ಕೊಡಲು ದಾರಿ ಮಾಡಿಕೊಡುತ್ತದೆ. ಮೇಚಿನ್ ತೀರ್ಪಿನ ವಿಂಗಡಣೆಗೆ ಬೇಕಾದ ಕಾನೂನಿನ ನೆಲೆ ನಮ್ಮಲ್ಲೂ ಇದೆ ಎಂದಾಯಿತು. ಆದರೆ ಅವಶೇಷಗಳು ಏನನ್ನೂ ಹೇಳದೆ, ಕಾರಣವೆಲ್ಲ ಬದುಕುಳಿದ ಒಬ್ಬರ ಮಾತಿನ ಮೇಲೆಯೇ ನಿಂತಿರುವ ಎರಡಾಸನದ ಅಪಘಾತದಲ್ಲಿ ಕಳೆಯುವುದೇನು, ಉಳಿಸುವುದೇನು ಎಂಬುದಕ್ಕೆ ಈ ವಿಂಗಡಣೆ ಉತ್ತರ ಕೊಡುವುದಿಲ್ಲ. ಅದಕ್ಕೆ ಬೇರೆ ಅಳತೆಗೋಲನ್ನು ಹುಡುಕಬೇಕಾಗಿದೆ.