ಬಸ್ ಪರೀಕ್ಷೆ

ಸಾರ್ವಜನಿಕ ಸಾರಿಗೆಯ ಬಸ್ಸು ಎಷ್ಟು ಕಾಲ ಬಾಳುತ್ತದೆ, ಒಳಗೆ ಕುಳಿತವರನ್ನು ಎಷ್ಟು ಕಾಯುತ್ತದೆ, ಹೊತ್ತ ಭಾರಕ್ಕೆ ತಕ್ಕಂತೆ ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದನ್ನು ಅಳೆಯುವ ಕ್ರಮವೇ ಬಸ್ ಪರೀಕ್ಷೆ. ಇದಕ್ಕೆ ಎರಡು ಘಟ್ಟಗಳಿವೆ. ಹೊಸ ಮಾದರಿ ಮಾರಾಟಕ್ಕೆ ಬರುವ ಮುನ್ನ ಒಂದೆರಡು ಬಸ್ಸುಗಳನ್ನು ಪ್ರಯೋಗಾಲಯದಲ್ಲೂ ಪರೀಕ್ಷಾ ಪಥದಲ್ಲೂ ದಂಡಿಸಿ ನೋಡುವುದು ಮೊದಲನೆಯದು. ರಸ್ತೆಗಿಳಿದ ಪ್ರತಿಯೊಂದು ಬಸ್ಸನ್ನೂ ಡಿಪೋ, ಕಾರ್ಯಾಗಾರ, ಎಫ್‌ಸಿ (ವಾಹನದ ಅರ್ಹತಾ ಪತ್ರ) ಕೇಂದ್ರಗಳಲ್ಲಿ ಆಯುಸ್ಸು ಮುಗಿಯುವವರೆಗೆ ಮತ್ತೆ ಮತ್ತೆ ಪರಿಶೀಲಿಸುವುದು ಎರಡನೆಯದು. ಮಾದರಿಗೆ ಪ್ರಮಾಣಪತ್ರ ಸಿಗುವುದು ಮೊದಲನೆಯದರಲ್ಲಿ. ಪ್ರಯಾಣಿಕರ ಜೀವ ನಿಂತಿರುವುದು ಹೆಚ್ಚಾಗಿ ಎರಡನೆಯದರ ಮೇಲೆ. ಹೈದರಾಬಾದಿನ ಪೂರ್ವ ಅಂಚಿನ ಉಪ್ಪಲ್ ಈ ಎರಡನೆಯ ಘಟ್ಟಕ್ಕೆ ಒಳ್ಳೆಯ ನಿದರ್ಶನ. ತೆಲಂಗಾಣ ರಸ್ತೆ ಸಾರಿಗೆ ಸಂಸ್ಥೆಯ ವಲಯ ಕಾರ್ಯಾಗಾರ ಇರುವುದು ಇಲ್ಲಿ.

ಈ ಸಂಸ್ಥೆಯ ಮೂಲ ನಿಜಾಮರ ಕಾಲದ್ದು. ನಿಜಾಮ್ ಸಂಸ್ಥಾನದ ರೈಲ್ವೆಯ ಅಂಗವಾಗಿ 1932ರ ಜೂನ್ 15ರಂದು 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಇಲಾಖೆ ಆರಂಭವಾಯಿತು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಆಗ ಅದೇ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಹಾಗಾಗಿ ಈ ಜಿಲ್ಲೆಗಳಿರುವ ಕಲ್ಯಾಣ ಕರ್ನಾಟಕದ ಸರ್ಕಾರಿ ಬಸ್ಸಿನ ಪೂರ್ವಕಥೆ ಬೆಂಗಳೂರಿಗಿಂತ ಹೈದರಾಬಾದಿಗೆ ಹತ್ತಿರವಾದದ್ದು.

ಉಪ್ಪಲಿನಿಂದ ವಾರಂಗಲ್ ಕಡೆಗೆ ಹೋಗುವ ಹೆದ್ದಾರಿಯೂ ಒಂದು ಪರೀಕ್ಷಾ ಪಥವೇ ಎನ್ನಬೇಕು. ಉಪ್ಪಲ್–ನಾರಪಳ್ಳಿ ಮೇಲ್ಸೇತುವೆ ಕಾಮಗಾರಿ 2018ರಲ್ಲಿ ಶುರುವಾಗಿ ವರ್ಷಗಟ್ಟಲೆ ಕುಂಟಿತು. ಕೆಳಗಿನ ರಸ್ತೆ ಹೊಂಡಗಳಿಂದ ತುಂಬಿತು. ಅಲ್ಲಿ ಸಾಗುವ ಬಸ್ಸಿನ ಕಮಾನು ಪಟ್ಟಿ, ಚಾಸಿಯ ಬೆಸುಗೆ, ಬಾಗಿಲಿನ ಕೀಲುಗಳು ತಿನ್ನುವ ಏಟನ್ನು ತಯಾರಕರು ಬೇಕೆಂದೇ ಸೃಷ್ಟಿಸಿಕೊಳ್ಳುತ್ತಾರೆ: ಎಗುಡುತಿಗುಡು ಕಲ್ಲು ಹಾಸಿದ ಪಥದಲ್ಲಿ ಪ್ರಯಾಣಿಕರ ತೂಕದಷ್ಟು ಭಾರ ಹೇರಿ ಓಡಿಸುತ್ತಾರೆ. ಸಾಮಾನ್ಯ ರಸ್ತೆಯಲ್ಲಿ ವರ್ಷಗಳು ಹಿಡಿಯುವ ಸವೆತ ಅಲ್ಲಿ ಕೆಲವೇ ತಿಂಗಳಲ್ಲಿ ಕಾಣುತ್ತದೆ. ಲೋಹ ಮುರಿಯುವುದು ಒಂದು ದೊಡ್ಡ ಹೊಡೆತಕ್ಕಲ್ಲ, ಲಕ್ಷಾಂತರ ಸಣ್ಣ ಹೊಡೆತಗಳಿಗೆ. ಕೂದಲೆಳೆಯಷ್ಟು ಬಿರುಕು ಬೆಸುಗೆಯ ಅಂಚಿನಲ್ಲಿ ಹುಟ್ಟಿ ನಿಧಾನವಾಗಿ ಬೆಳೆಯುತ್ತದೆ.

ಇಂಥ ಬಿರುಕನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕ್ ನಗರ ಕಂಡಿತು. 1980ರಲ್ಲಿ ಅಲ್ಲಿಗೆ ಬಂದ ಗ್ರಮನ್ ಫ್ಲೆಕ್ಸಿಬಲ್ ಬಸ್ಸುಗಳ ತಳದ ಚೌಕಟ್ಟು ಬಿರುಕುಬಿಟ್ಟಿತು. 1984ರಲ್ಲಿ ನಗರ ಅವುಗಳನ್ನು ರಸ್ತೆಯಿಂದ ಹಿಂತೆಗೆಯಿತು. 1987ರಲ್ಲಿ ಅಮೆರಿಕ ಕಾನೂನು ಮಾಡಿ, ಕೇಂದ್ರ ಸರ್ಕಾರದ ಹಣದಲ್ಲಿ ಕೊಳ್ಳುವ ಹೊಸ ಮಾದರಿಯ ಬಸ್ಸು ಮೊದಲು ಪರೀಕ್ಷೆಗೊಳಪಡಬೇಕೆಂದಿತು. ಪೆನ್ಸಿಲ್ವೇನಿಯಾದ ಆಲ್ಟೂನಾ ಕೇಂದ್ರ ಹುಟ್ಟಿದ್ದು ಹೀಗೆ. ದೊಡ್ಡ ನಗರ ಬಸ್ಸು 12 ವರ್ಷ ಅಥವಾ 5 ಲಕ್ಷ ಮೈಲಿ ಬಾಳಬೇಕೆಂಬುದು ಅಲ್ಲಿನ ವರ್ಗೀಕರಣ. ಬಹುಕಾಲ ವರದಿಯಷ್ಟೇ ಕೊಡುತ್ತಿದ್ದ ಕೇಂದ್ರ 2016ರ ನಿಯಮದ ನಂತರ ಅಂಕ ಕೊಡತೊಡಗಿತು. ಕನಿಷ್ಠ ಮಟ್ಟ ಮುಟ್ಟದಿದ್ದರೆ ಅನುತ್ತೀರ್ಣ.

ಭಾರತದಲ್ಲಿ ಮಾದರಿ ಅನುಮೋದನೆಗೆ ಆಧಾರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೆಯ ನಿಯಮ. ಪುಣೆಯ ಎಆರ್‌ಎಐ, ಸಿಐಆರ್‌ಟಿ, ಮಾನೇಸರದ ಐಕ್ಯಾಟ್ ಮುಂತಾದ ಸಂಸ್ಥೆಗಳಿಗೆ ಈ ಅಧಿಕಾರವಿದೆ. ಇಂದೋರ್ ಬಳಿಯ ಪೀತಂಪುರದ ನ್ಯಾಟ್ರ್ಯಾಕ್ಸ್ ಪರೀಕ್ಷಾ ಕೇಂದ್ರದಲ್ಲಿ 11.3 ಕಿ.ಮೀ. ಉದ್ದದ ಅತಿವೇಗದ ಪಥವಿದೆ. ನಮ್ಮ ದೇಶದ ವಿಶೇಷ ತೊಡಕು ಬೇರೆಯೇ ಇತ್ತು. ಕಂಪನಿ ಚಾಸಿಯನ್ನು ಮಾರುತ್ತಿತ್ತು. ಬಾಡಿ ಕಟ್ಟುತ್ತಿದ್ದುದು ಊರೂರಿನ ಬಾಡಿ ಬಿಲ್ಡರ್‌ಗಳು ಇಲ್ಲವೇ ಸಾರಿಗೆ ಸಂಸ್ಥೆಗಳ ಸ್ವಂತ ಕಾರ್ಯಾಗಾರಗಳು. ಎಂಜಿನ್ನು, ಬ್ರೇಕುಗಳಿಗೆ ಪರೀಕ್ಷೆ ನಡೆಯುತ್ತಿತ್ತು. ಜನ ಕೂರುವ ಭಾಗ ಬಹುತೇಕ ಕಟ್ಟುವವರ ಅನುಭವಕ್ಕೆ ಬಿಟ್ಟದ್ದಾಗಿತ್ತು. ಎಐಎಸ್-052 ಎಂಬ ಬಸ್ ಬಾಡಿ ಸಂಹಿತೆ ಈ ಕೊರತೆಯನ್ನು ತುಂಬಲು ಬಂದದ್ದು. ಬಾಗಿಲಿನ ಅಗಲ, ತುರ್ತು ದ್ವಾರ, ಸೀಟುಗಳ ನಡುವಿನ ಅಂತರ, ನಡುದಾರಿ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ.

ಸುರಕ್ಷತಾ ಪರೀಕ್ಷೆಗಳಲ್ಲಿ ಮಗುಚುವಿಕೆಯದು ಅತ್ಯಂತ ಕಠಿಣ. ವಿಶ್ವಸಂಸ್ಥೆಯ 66ನೆಯ ನಿಯಮದಂತೆ ಬಸ್ಸನ್ನು ವೇದಿಕೆಯೊಂದರ ಮೇಲೆ ನಿಲ್ಲಿಸಿ ನಿಧಾನವಾಗಿ ಓರೆ ಮಾಡುತ್ತಾ 800 ಮಿ.ಮೀ. ಆಳದ ಹಳ್ಳಕ್ಕೆ ಕೆಡವುತ್ತಾರೆ. ಕಂಬಗಳೂ ಛಾವಣಿಯೂ ಬಾಗಬಹುದು, ಆದರೆ ಪ್ರಯಾಣಿಕರಿಗೆಂದು ಗುರುತಿಸಿದ ಜಾಗದೊಳಕ್ಕೆ ನುಗ್ಗಬಾರದು. ಭಾರತದ ಎಐಎಸ್-031 ಮಾನಕದ ವಿಷಯವೂ ಮೇಲ್ಕಟ್ಟಡದ ಈ ಬಲವೇ. ಬ್ರೇಕಿಗೆ ಬೇರೆ ಅಳತೆ: ಅಂತರರಾಷ್ಟ್ರೀಯ ಸೂತ್ರದ ಪ್ರಕಾರ ಗಂಟೆಗೆ 60 ಕಿ.ಮೀ. ವೇಗದ ಬಸ್ಸು ಸುಮಾರು 36.7 ಮೀಟರಿನೊಳಗೆ ನಿಲ್ಲಬೇಕು. ತಣ್ಣಗಿರುವ ಬ್ರೇಕು ಇದನ್ನು ಮಾಡುವುದು ದೊಡ್ಡದಲ್ಲ. ನೂರಕ್ಕೆ ಆರರಷ್ಟು ಇಳಿಜಾರಿನಲ್ಲಿ ಆರು ಕಿ.ಮೀ. ಇಳಿದ ಮೇಲೂ ಬ್ರೇಕು ಹಿಡಿಯುತ್ತದೆಯೇ ಎಂಬುದಕ್ಕೆ ಪ್ರತ್ಯೇಕ ಪರೀಕ್ಷೆಯಿದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಬ್ರೇಕ್ ಲೈನರ್ ಸುಟ್ಟ ವಾಸನೆ ಬಲ್ಲವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ.

ಬೆಂಕಿಯ ವಿಷಯದಲ್ಲಿ ಪಾಠ ಕಲಿತದ್ದು ಬೆಂಗಳೂರು–ಹೈದರಾಬಾದ್ ರಸ್ತೆಯಲ್ಲಿ, ಭಾರಿ ಬೆಲೆ ತೆತ್ತು. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೊರಟಿದ್ದ ಖಾಸಗಿ ಬಸ್ಸು ಅಂದಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿಯಿತು. ಡೀಸೆಲ್ ಟ್ಯಾಂಕ್ ಒಡೆದು ಹೊತ್ತಿಕೊಂಡ ಬೆಂಕಿಯಲ್ಲಿ 45 ಮಂದಿ ಸತ್ತರು. ಎರಡು ವಾರದಲ್ಲೇ, ನವೆಂಬರ್ 14ರಂದು, ಹಾವೇರಿ ಬಳಿ ಮುಂಬೈಗೆ ಹೊರಟಿದ್ದ ಇನ್ನೊಂದು ಬಸ್ಸು ಸುಟ್ಟು ಏಳು ಜನ ಪ್ರಾಣ ಕಳೆದುಕೊಂಡರು. ಇವು ಊರಿನ ಶೆಡ್ಡಿನಲ್ಲಿ ಬಾಡಿ ಕಟ್ಟಿದ ಬಸ್ಸುಗಳಲ್ಲ; ಅನುಮೋದನೆ ಪಡೆದು ಕಾರ್ಖಾನೆಯಿಂದ ಬಂದವು. ಪರೀಕ್ಷೆ ಕೇಳದ ಪ್ರಶ್ನೆಯನ್ನು ಅಪಘಾತ ಕೇಳಿತು. ಎಂಜಿನ್ ಕೋಣೆಯ ಬೆಂಕಿಯನ್ನು ಪತ್ತೆಹಚ್ಚಿ ನಂದಿಸುವ ವ್ಯವಸ್ಥೆಗೆ ಎಐಎಸ್-135 ಎಂಬ ಮಾನಕ ಈಗ ಇದೆ. ಮುಂದೆ ಅದನ್ನು ಪ್ರಯಾಣಿಕರ ಭಾಗಕ್ಕೂ ವಿಸ್ತರಿಸಿದರು. ಆದರೂ 2025ರ ಅಕ್ಟೋಬರ್ 24ರಂದು ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲು ಬಳಿಯ ಚಿನ್ನಟೇಕೂರಿನಲ್ಲಿ ಬೈಕೊಂದು ಅಡಿಗೆ ಸಿಲುಕಿದ ಮೇಲೆ ಹೊತ್ತಿ ಉರಿಯಿತು. ಒಳಗಿನ ಬಟ್ಟೆ, ಫೋಮುಗಳ ಉರಿಯುವ ವೇಗಕ್ಕೂ ಮಿತಿಯಿದೆ: ವಿಶ್ವಸಂಸ್ಥೆಯ 118ನೆಯ ನಿಯಮದಲ್ಲಿ ಜ್ವಾಲೆ ಅಡ್ಡಲಾಗಿ ನಿಮಿಷಕ್ಕೆ 100 ಮಿ.ಮೀ.ಗಿಂತ ಬೇಗ ಹರಡಬಾರದು. ಅನುಮೋದನೆಯ ನಂತರ ಹಾಕಿಸುವ ಪರದೆ, ಹೆಚ್ಚುವರಿ ದೀಪಗಳ ವೈರಿಂಗು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅವನ್ನು ಹಿಡಿಯಬೇಕಾದದ್ದು ಎಫ್‌ಸಿ ತಪಾಸಣೆ. ಬಸ್ಸಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಆಗಬೇಕು.

ಸಾಮರ್ಥ್ಯದ ಅಳತೆ ಡಿಪೋದಲ್ಲಿ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಕೆಎಂಪಿಎಲ್, ಅಂದರೆ ಲೀಟರ್ ಡೀಸೆಲ್ಲಿಗೆ ಎಷ್ಟು ಕಿ.ಮೀ. ಒಂದೇ ರೂಟಿನಲ್ಲಿ ಅದು ಇಳಿದರೆ ಇಂಜೆಕ್ಟರೋ, ಟೈರಿನ ಗಾಳಿಯೋ, ಕಚ್ಚಿಕೊಂಡ ಬ್ರೇಕೋ ಎಂದು ಮೆಕ್ಯಾನಿಕ್ ಪಿಟ್ಟಿಗಿಳಿಯುತ್ತಾನೆ. ಡಿಪೋದಲ್ಲಿ ಬಗೆಹರಿಯದ ಎಂಜಿನ್ನು, ಗೇರ್‌ಬಾಕ್ಸುಗಳು ಉಪ್ಪಲಿನಂಥ ವಲಯ ಕಾರ್ಯಾಗಾರಕ್ಕೆ ಹೋಗುತ್ತವೆ. ಯಾವ ಮಾದರಿಯಲ್ಲಿ ಯಾವ ಭಾಗ ಎಷ್ಟು ಕಿ.ಮೀ.ಗೆ ಸೋಲುತ್ತದೆ ಎಂಬ ಜ್ಞಾನ ಬಿಚ್ಚಿ ಕಟ್ಟುವ ಈ ಜನರಲ್ಲಿ ಶೇಖರವಾಗುತ್ತದೆ. ಮುಂದಿನ ಟೆಂಡರಿನ ಷರತ್ತುಗಳಿಗೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲ. ಬಸ್ಸಿನ ಆಯುಸ್ಸಿಗೂ ಈಗ ಮಿತಿಯಿದೆ: 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗುತ್ತಿದೆ. ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಅದರಲ್ಲಿ ಸೇರಿವೆ.

ಎಲೆಕ್ಟ್ರಿಕ್ ಬಸ್ಸು ಈ ಚಿತ್ರವನ್ನು ಬದಲಿಸುತ್ತಿದೆ. ಬೆಂಗಳೂರಿನ ಬಿಎಂಟಿಸಿ 2014ರಲ್ಲಿ ಚೀನಾದ ಬಿವೈಡಿ ಬಸ್ಸೊಂದನ್ನು ಪ್ರಾಯೋಗಿಕವಾಗಿ ಓಡಿಸಿ ನೋಡಿತ್ತು. ಹೈದರಾಬಾದಿನಲ್ಲಿ 2019ರಲ್ಲಿ 40 ಎಲೆಕ್ಟ್ರಿಕ್ ಬಸ್ಸುಗಳು ವಿಮಾನ ನಿಲ್ದಾಣದ ಮಾರ್ಗಕ್ಕಿಳಿದವು. ಎಐಎಸ್-038 ಮಾನಕದಡಿ ಬ್ಯಾಟರಿಯನ್ನು ಅಲುಗಿಸಿ, ಕಾಯಿಸಿ ತಣಿಸಿ, ಶಾರ್ಟ್ ಸರ್ಕ್ಯೂಟ್ ಮಾಡಿ, ಬೆಂಕಿಗೊಡ್ಡಿ ನೋಡುತ್ತಾರೆ. ಈ ಬಸ್ಸುಗಳು ಹೆಚ್ಚಾಗಿ ಗುತ್ತಿಗೆಯವು, ಕಿ.ಮೀ. ಲೆಕ್ಕದಲ್ಲಿ ಬಾಡಿಗೆ ಪಡೆಯುವ ಕಂಪನಿಯೇ ಅವುಗಳ ದುರಸ್ತಿಯನ್ನೂ ನೋಡಿಕೊಳ್ಳುತ್ತದೆ. ಹಾಗಾಗಿ ಕೆಟ್ಟ ಭಾಗಗಳ ದಾಖಲೆ ಸಾರಿಗೆ ಸಂಸ್ಥೆಯ ಕೈಗೆ ತಾನಾಗಿ ಬರುವುದಿಲ್ಲ. ಗುತ್ತಿಗೆಯ ಕರಾರಿನಲ್ಲೇ ಪ್ರತಿ ಬಸ್ಸಿನ ದೋಷ ವಿವರವನ್ನು ಸಂಸ್ಥೆಗೆ ಒಪ್ಪಿಸುವ ಷರತ್ತು ಇರಬೇಕಾದದ್ದು ಇದಕ್ಕಾಗಿಯೇ.