ಕಾಲಿನ ಸಿರೆಗೆ ಸೂಜಿಮದ್ದು ಬಂದ ಬಗೆ

ವಿಮಾನ ನಗರದ ನಮ್ಮ ಸೊಸೈಟಿಯಲ್ಲಿ ಹುಬ್ಬಳ್ಳಿ ಕಡೆಯ ಶಿಕ್ಷಕಿಯೊಬ್ಬರಿದ್ದಾರೆ. ಇಪ್ಪತ್ತು ವರ್ಷ ನಿಂತೇ ಪಾಠ ಹೇಳಿದವರು. ಅವರ ಕಾಲಿನ ಮೇಲೆ ಜೇಡನ ಬಲೆಯಂತೆ ನೀಲಿ, ಕೆಂಪು ಗೆರೆಗಳು ಮೂಡಿವೆ. ಡಾಕ್ಟರು ಇಂಜೆಕ್ಷನ್ ಕೊಡೋಣವೆಂದ ದಿನ ಮೆಟ್ಟಿಲ ಬಳಿ ನನ್ನನ್ನು ತಡೆದು ಕೇಳಿದರು: “ನೀವು ಬಿ.ಎಸ್‌ಸಿ. ಕಲಿತವ್ರು, ಹೇಳ್ರಿ. ನರಾನ ಸಾಯಿಸಿಬಿಟ್ರ ನಾಳೆ ಕಾಲು ಎಳೀಬೇಕಾಗ್ತದೇನ್ರಿ?”

ಗೊಂದಲವಿರುವುದು ನಮ್ಮ ಮಾತಿನಲ್ಲಿಯೇ. ಚುಚ್ಚುವುದು ನರಕ್ಕಲ್ಲ, ರಕ್ತವನ್ನು ಹೃದಯಕ್ಕೆ ಮರಳಿಸುವ ಸಿರೆಗೆ. ಅದೂ ಚರ್ಮದ ಕೆಳಗಿನ, ಒಂದು ಮಿಲಿಮೀಟರಿಗಿಂತ ಸಣ್ಣ ಸಿರೆಗೆ. ಅದು ಮುಚ್ಚಿಹೋದರೆ ರಕ್ತ ಬೇರೆ ದಾರಿ ಹಿಡಿಯುತ್ತದೆ. ಆದರೂ ಆಕೆಯ ಭಯ ನಗುವಂಥದ್ದಲ್ಲ. ಒಂದು ಕಾಲಕ್ಕೆ ವೈದ್ಯರೇ ಈ ಚಿಕಿತ್ಸೆಗೆ ಹೆದರಿ ಕೈಬಿಟ್ಟಿದ್ದರು.

ಸಿರೆಗಳ ತೊಂದರೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ‘ಸಿರಾಜ ಗ್ರಂಥಿ’ಯ ವರ್ಣನೆಯಿದೆ, ಬಲವಿಲ್ಲದವನು ಅತಿಯಾಗಿ ದಣಿದಾಗ ಸಿರೆಗಳ ಜಾಲ ಕೆಟ್ಟು ಗಂಟಾಗುತ್ತದೆ ಎಂಬುದು ಅದರ ವಿವರಣೆ. ರೋಮಿನ ಸೇನಾನಿ ಮಾರಿಯಸ್ ತನ್ನ ಉಬ್ಬಿದ ಸಿರೆಗಳನ್ನು ಕತ್ತರಿಸಲು ಕಾಲು ಚಾಚಿದನಂತೆ. ಕಟ್ಟಿಹಾಕಿಸಿಕೊಳ್ಳಲಿಲ್ಲ, ನರಳಲೂ ಇಲ್ಲ. ವೈದ್ಯ ಎರಡನೆಯ ಕಾಲಿಗೆ ಕೈಹಾಕಿದಾಗ ಮಾತ್ರ, ಇಷ್ಟು ನೋವಿಗೆ ಈ ಗುಣ ಸಾಲದೆಂದು ಒಲ್ಲೆನೆಂದ. ಪ್ಲುಟಾರ್ಕ್ ಬರೆದಿಟ್ಟ ಕಥೆ ಇದು.

ಕತ್ತಿ ಬಿಟ್ಟು ಸೂಜಿ ಹಿಡಿಯಬೇಕಾದರೆ ಮೊದಲು ಸೂಜಿ ಬೇಕಲ್ಲ! 1853ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಪ್ರವಾಜ್ ಬೆಳ್ಳಿಯ ಪಿಚಕಾರಿ ಮಾಡಿಸಿ, ರಕ್ತವನ್ನು ಹೆಪ್ಪುಗಟ್ಟಿಸುವ ಕಬ್ಬಿಣದ ಲವಣವನ್ನು ರಕ್ತನಾಳಕ್ಕೆ ಹಾಕಿ ನೋಡಿದ. ಬೇರೆಯವರು ಅಯೋಡಿನ್, ಟ್ಯಾನಿನ್ ಹಾಕಿದರು. ಸೂಜಿಯನ್ನು ಕುದಿಸಬೇಕೆಂಬ ತಿಳಿವಳಿಕೆ ಇಲ್ಲದ ದಿನಗಳು. ಕಾಲು ಕೀವಾಯಿತು, ಕೆಲವರ ಜೀವಕ್ಕೇ ಕುತ್ತಾಯಿತು. ಕೊನೆಗೆ 1894ರಲ್ಲಿ ಅದೇ ಲಿಯೋನಿನಲ್ಲಿ ಸೇರಿದ ವೈದ್ಯರ ಸಮ್ಮೇಳನವೇ ಈ ಪದ್ಧತಿ ಬೇಡವೆಂದಿತು.

ಮತ್ತೆ ಅದನ್ನು ಬದುಕಿಸಿದ್ದು ಒಂದು ಅಡ್ಡ ಪರಿಣಾಮ. ಜರ್ಮನಿಯ ಲಿನ್ಸರ್ ಫರಂಗಿ ರೋಗಕ್ಕೆ ಪಾದರಸದ ಇಂಜೆಕ್ಷನ್ ಕೊಡುತ್ತಿದ್ದಾಗ ತೋಳಿನ ಸಿರೆಗಳು ಗಟ್ಟಿಯಾಗಿ ಮುಚ್ಚಿಹೋಗುವುದನ್ನು ಕಂಡರು. ತೋಳಿನಲ್ಲಿ ಬೇಡವಾದದ್ದು ಕಾಲಿಗೆ ಏಕಾಗಬಾರದು? ಫ್ರಾನ್ಸಿನ ಸಿಕಾರ್ ಕೂಡ ಇಂಥದೇ ಅನುಭವದಿಂದ ಸೋಡಿಯಂ ಸ್ಯಾಲಿಸಿಲೇಟಿಗೆ ಬಂದರು. ಪಾದರಸ ವಿಷ, ಸ್ಯಾಲಿಸಿಲೇಟ್ ಉರಿ. 1946ರಲ್ಲಿ ಬಂದ ಸೋಡಿಯಂ ಟೆಟ್ರಾಡೆಸಿಲ್ ಸಲ್ಫೇಟ್ ಇಂದಿಗೂ ಬಳಕೆಯಲ್ಲಿದೆ. ಅದು ಸಾಬೂನಿನ ಜಾತಿಯ ವಸ್ತು: ಸಿರೆಯ ಒಳಪದರವನ್ನು ಕೆಡಿಸುತ್ತದೆ, ಗೋಡೆಗಳು ಅಂಟಿಕೊಳ್ಳುತ್ತವೆ, ಆಮೇಲೆ ದೇಹವೇ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. 1960ರ ದಶಕದಲ್ಲಿ ಸೇರಿದ ಪಾಲಿಡೋಕನಾಲ್ ಮೂಲತಃ ಮರಗಟ್ಟಿಸುವ ಔಷಧಿ, ಆದ್ದರಿಂದ ನೋವು ಕಡಿಮೆ. ಅದೇ ಕಾಲದಲ್ಲಿ ಡಬ್ಲಿನ್ನಿನ ಫೇಗನ್, ಚುಚ್ಚಿದ ಮೇಲೆ ಬಿಗಿಯಾಗಿ ಪಟ್ಟಿ ಕಟ್ಟಿ ಕೂಡಲೇ ನಡೆದಾಡಿಸುವ ಕ್ರಮವನ್ನು ಬಳಕೆಗೆ ತಂದರು. 2000ದಲ್ಲಿ ಇಟಲಿಯ ತೆಸ್ಸಾರಿ ಎರಡು ಸಿರಿಂಜುಗಳ ನಡುವೆ ಔಷಧಿಯನ್ನೂ ಗಾಳಿಯನ್ನೂ ಆಡಿಸಿ ನೊರೆ ಮಾಡುವುದನ್ನು ತೋರಿಸಿದರು. ದೊಡ್ಡ ಸಿರೆಗಳಿಗೆ ಅದು ಒದಗಿತು.

ನಮ್ಮ ಉಡುಪಿ ಹೋಟೆಲುಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಒಲೆಯ ಮುಂದೆ ನಿಲ್ಲುವವರ ಕಾಲಿನ ಹಗ್ಗದಂಥ ಸಿರೆಗಳ ಮಾತು ಬೇರೆ. ಅಲ್ಲಿ ಒಳಗಿನ ಕವಾಟಗಳೇ ಸೋತಿರುತ್ತವೆ. ಡಾಪ್ಲರ್ ಪರೀಕ್ಷೆಯಿಲ್ಲದೆ ಸೂಜಿ ಹಾಕಿಸಿಕೊಳ್ಳುವುದು ತಳದ ನಲ್ಲಿ ಬಿಟ್ಟು ನೆಲ ಒರೆಸಿದಂತೆ. ಜೇಡಬಲೆಗೂ ಒಂದೇ ಸಲ ಸಾಲದು, ಕೆಲವು ತಿಂಗಳು ಕಂದು ಕಲೆ ಉಳಿಯಬಹುದು, ಔಷಧಿ ಹೊರಗೆ ಸೋರಿದರೆ ಹುಣ್ಣೂ ಆಗಬಹುದು. ಅಪರೂಪಕ್ಕೆ ಆಳದ ಸಿರೆಯಲ್ಲಿ ಹೆಪ್ಪುಗಟ್ಟುವುದೂ ಉಂಟು.

ಶಿಕ್ಷಕಿಯವರಿಗೆ ಇಷ್ಟನ್ನೂ ಹೇಳಿದೆ. ಡಾಪ್ಲರ್ ಮಾಡಿಸಿದರು, ಕವಾಟಗಳು ಸರಿಯಿದ್ದವು. ಬೇಸಿಗೆ ರಜೆಯಲ್ಲಿ ಎರಡು ಸಲ ಸೂಜಿ ಹಾಕಿಸಿಕೊಂಡರು. ಕಾಲು ಎಳೆಯಬೇಕಾಗಲಿಲ್ಲ. ಪುಣೆಯ ಮೇ ತಿಂಗಳ ಸೆಕೆಯಲ್ಲಿ ಹಾಕಿಕೊಳ್ಳಬೇಕಾದ ಬಿಗಿ ಕಾಲುಚೀಲದ್ದೇ ಅವರ ದೊಡ್ಡ ತಕರಾರು.